ದುರ್ಗದ ಕಲ್ಲು, ಅಟ್ಟದ ಕಡತ: ಸಣ್ಣ ಮ್ಯೂಸಿಯಂಗಳ ಬಗ್ಗೆ ಓದುಗರ ಪ್ರಶ್ನೆಗಳು

ಸ್ಥಳೀಯ ಇತಿಹಾಸದ ಸಣ್ಣ ವಸ್ತುಸಂಗ್ರಹಾಲಯಗಳನ್ನು ನೋಡುವ ಬಗೆ, ಅವುಗಳಿಗೆ ವಸ್ತು ಕೊಡುವ ಬಗೆ ಕುರಿತು ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಚಿತ್ರದುರ್ಗದ ಕೋಟೆ ಹತ್ತಿ ಇಳಿದ ಮೇಲೆ ರಂಗಯ್ಯನ ಬಾಗಿಲಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಹೋಗಿದ್ದೆವು. ಕೋಟೆಯಲ್ಲಿ ದಣಿವಿಲ್ಲದೆ ಓಡಾಡಿದ ಮಕ್ಕಳು ಅಲ್ಲಿ ಹತ್ತೇ ನಿಮಿಷಕ್ಕೆ ‘ಇನ್ನೇನಿದೆ ಅಮ್ಮ, ಹೋಗೋಣ’ ಎಂದರು. ಎಲ್ಲ ಕಲ್ಲುಗಳೂ ನನಗೂ ಒಂದೇ ತರ ಕಂಡವು. ಇಂಥ ಕಡೆ ಏನನ್ನು, ಹೇಗೆ ತೋರಿಸಬೇಕು? (ಗೃಹಿಣಿ, ದಾವಣಗೆರೆ)

ಉತ್ತರ: ಮೊದಲನೆಯದಾಗಿ, ಕೋಟೆ ಹತ್ತಿಳಿದ ಮಕ್ಕಳನ್ನು ಅದೇ ದಿನ ಮ್ಯೂಸಿಯಂಗೆ ಕರೆದೊಯ್ಯಬೇಡಿ. ಕಾಲು ಸೋತವರ ಕಣ್ಣೂ ಸೋತಿರುತ್ತದೆ. ಎರಡನೆಯದಾಗಿ, ಇರುವುದನ್ನೆಲ್ಲ ತೋರಿಸುವ ಹಟವನ್ನು ಬಿಟ್ಟುಬಿಡಿ. ಎರಡು ಮೂರು ವಸ್ತುಗಳ ಮುಂದೆ ಸಾವಕಾಶವಾಗಿ ನಿಂತರೆ ಸಾಕು.

ಕಲ್ಲುಗಳಿಂದಲೇ ಆರಂಭಿಸಬಹುದು. ನಮ್ಮ ಭಾಗದ ಬಹುತೇಕ ಸಂಗ್ರಹಾಲಯಗಳ ಅಂಗಳದಲ್ಲಿ ವೀರಗಲ್ಲುಗಳು ಸಾಲಾಗಿ ನಿಂತಿರುತ್ತವೆ. ಅವುಗಳನ್ನು ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ನೋಡಿದರೆ ಏನೂ ಅರ್ಥವಾಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಓದಬೇಕು. ತೀರ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವಿರುತ್ತದೆ, ನಡುವಿನದರಲ್ಲಿ ಅಪ್ಸರೆಯರು ಚಾಮರ ಹಿಡಿದು ವೀರನನ್ನು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ, ಮೇಲಿನದರಲ್ಲಿ ಅವನು ಶಿವಲಿಂಗದ ಎದುರು ಕೈಮುಗಿದು ಕುಳಿತಿರುತ್ತಾನೆ, ನೆತ್ತಿಯಲ್ಲಿ ಸೂರ್ಯ ಚಂದ್ರರಿರುತ್ತಾರೆ. ಸೂರ್ಯ ಚಂದ್ರರಿರುವವರೆಗೆ ಇವನ ಹೆಸರಿರಲಿ ಎಂಬುದು ಅದರ ಅರ್ಥ. ಕೆಳಗಿನ ಪಟ್ಟಿಕೆಯಲ್ಲಿ ದನಗಳನ್ನು ಕೆತ್ತಿದ್ದರೆ ಅದು ತುರುಗೊಳ್, ಎಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರೊಡನೆ ನಡೆದ ಕಾಳಗ. ಹಾಗೆಯೇ, ಕಂಬದಿಂದ ಹೊರಚಾಚಿದ ಬಳೆ ತೊಟ್ಟ ಕೈಯೊಂದು ಕಂಡರೆ ಅದು ಮಾಸ್ತಿಕಲ್ಲು, ಗಂಡನ ಚಿತೆಯೇರಿದ ಹೆಂಗಸಿನದು. ಕತೆ ತಿಳಿದ ಮೇಲೆ ಮಕ್ಕಳು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಓಡಿ ‘ಇದರಲ್ಲಿ ದನ ಎಷ್ಟಿವೆ, ಅದರಲ್ಲಿ ಕುದುರೆ ಇದೆಯೇ’ ಎಂದು ಹುಡುಕತೊಡಗುತ್ತಾರೆ. ತಮಗೆ ಒಂದೇ ತರ ಕಂಡ ಕಲ್ಲುಗಳಲ್ಲಿ ಎರಡು ಕೂಡ ಒಂದೇ ತರ ಇರುವುದಿಲ್ಲ.

ಅನಂತರ ಚಂದ್ರವಳ್ಳಿಯ ವಸ್ತುಗಳ ಕಡೆಗೆ ಬನ್ನಿ. ಕೋಟೆಯ ಬೆಟ್ಟದ ಮಗ್ಗುಲಲ್ಲೇ ಇರುವ ಆ ಕಣಿವೆಯಲ್ಲಿ 1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಉತ್ಖನನ ನಡೆಸಿದರು. 1947ರಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ಅಗೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯಗಳೂ ಅಲ್ಲಿ ದೊರೆತಿವೆ. ಅಲ್ಲಿಯ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನು ಕೆರೆಯೊಂದನ್ನು ಮಾಡಿಸಿದ ಸಂಗತಿಯನ್ನು ಹೇಳುವ ಶಾಸನವಿದೆ. ದುರ್ಗವೆಂದರೆ ಮದಕರಿನಾಯಕ ಮತ್ತು ಹೈದರಾಲಿ ಎಂದಷ್ಟೇ ತಿಳಿದಿರುವ ಮಗುವಿಗೆ, ಕೋಟೆ ಹೈದರನ ಕೈಸೇರಿದ 1779ಕ್ಕಿಂತ ಸುಮಾರು 1,700 ವರ್ಷ ಮೊದಲೇ ಇದೇ ಬೆಟ್ಟದ ತಪ್ಪಲಿನಲ್ಲಿ ಪೇಟೆಯೊಂದಿತ್ತು, ಅಲ್ಲಿಗೆ ಸಮುದ್ರದಾಚೆಯ ದುಡ್ಡು ಬರುತ್ತಿತ್ತು ಎಂಬುದನ್ನು ಒಡೆದ ಮಡಕೆಯ ಚೂರುಗಳೇ ಹೇಳಬಲ್ಲವು. ಆದರೆ ಆ ಚೂರುಗಳ ಮುಂದೆ ನಿಂತು ಯಾರಾದರೂ ಬಾಯಿಬಿಟ್ಟು ಹೇಳಬೇಕು. ಫಲಕದ ಮೇಲಿನ ‘ಮಣ್ಣಿನ ಪಾತ್ರೆ, ಚಂದ್ರವಳ್ಳಿ’ ಎಂಬ ಮೂರು ಮಾತು ಅದನ್ನು ಹೇಳುವುದಿಲ್ಲ.

ಮನೆಬಳಕೆಯ ವಸ್ತುಗಳಿದ್ದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಪಾವು, ಸೇರು, ಕೊಳಗಗಳನ್ನು ಬಳಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ ಎಂಬುದನ್ನೂ, ಹೊಲದ ಅಳತೆಯನ್ನು ಬಿತ್ತುವ ಬೀಜದ ಅಳತೆಯಿಂದಲೇ ಹೇಳುತ್ತಿದ್ದರು ಎಂಬುದನ್ನೂ ಅವರೇ ವಿವರಿಸಲಿ. ಮೆಟ್ರಿಕ್ ತೂಕ ಅಳತೆಗಳು 1960ರ ದಶಕದ ಆರಂಭದಲ್ಲಿ ಕಡ್ಡಾಯವಾದ ಮೇಲೆ ಈ ಪಾತ್ರೆಗಳು ಅಂಗಡಿಯಿಂದ ಅಡುಗೆಮನೆಗೆ, ಅಲ್ಲಿಂದ ಅಟ್ಟಕ್ಕೆ, ಅಟ್ಟದಿಂದ ಗುಜರಿಗೆ ಹೋದವು. ಮ್ಯೂಸಿಯಂ ಸೇರಿದವು ಪುಣ್ಯವಂತ ಪಾತ್ರೆಗಳು.

ಹೊರಡುವ ಮುನ್ನ ಪ್ರತಿಯೊಂದು ವಸ್ತುವಿನ ಎದುರೂ ಕೇಳಬೇಕಾದ ಒಂದು ಪ್ರಶ್ನೆಯನ್ನು ಮಕ್ಕಳಿಗೆ ಕಲಿಸಿರಿ: ಇದು ಯಾವ ಊರಿನಿಂದ ಬಂತು? ದೊಡ್ಡ ನಗರಗಳ ಸಂಗ್ರಹಾಲಯಗಳಲ್ಲಿ ವಸ್ತುವಿನ ಅಂದಕ್ಕೆ ಬೆಲೆ. ಸಣ್ಣ ಸಂಗ್ರಹಾಲಯದಲ್ಲಿ ಅದರ ಊರಿಗೆ ಬೆಲೆ.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳನ್ನು ಮೊಳಕಾಲ್ಮೂರು ತಾಲ್ಲೂಕಿನ ಅಶೋಕನ ಶಾಸನಗಳ ಸ್ಥಳಕ್ಕೂ ದುರ್ಗದ ಮ್ಯೂಸಿಯಂಗೂ ಕರೆದೊಯ್ಯಬೇಕೆಂದಿದ್ದೇನೆ. ಯಾವುದನ್ನು ಮೊದಲು ತೋರಿಸಬೇಕು? (ಶಿಕ್ಷಕರು, ಚಳ್ಳಕೆರೆ)

ಉತ್ತರ: ಸ್ಥಳ ಮೊದಲು, ಮ್ಯೂಸಿಯಂ ಆಮೇಲೆ. ಗಾಜಿನ ಪೆಟ್ಟಿಗೆಯಲ್ಲಿರುವ ಕಲ್ಲಿನ ಕೊಡಲಿಯನ್ನು ಮೊದಲು ಕಂಡವರಿಗೆ ಅದು ಬರಿಯ ಕಲ್ಲು. ಬ್ರಹ್ಮಗಿರಿಯ ಬಂಡೆಗಳ ನಡುವೆ ಬಿಸಿಲಲ್ಲಿ ನಡೆದು ಬಂದವರಿಗೆ ಅದನ್ನು ಹಿಡಿದಿದ್ದ ಕೈ ನೆನಪಾಗುತ್ತದೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆಯ ಅಶೋಕನ ಶಾಸನಗಳನ್ನು 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಪ್ರತಿನಿಧಿಯು ಇಸಿಲದ ಮಹಾಮಾತ್ರರಿಗೆ, ಎಂದರೆ ಹಿರಿಯ ಅಧಿಕಾರಿಗಳಿಗೆ, ಕಳುಹಿಸಿದ ಆಜ್ಞೆ ಇದು. ತಂದೆತಾಯಿಯ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂಬ ಮಾತುಗಳು ಅದರಲ್ಲಿವೆ. ಕೊನೆಯದನ್ನು ತಾವು ಸ್ವಲ್ಪ ಒತ್ತಿ ಓದಿದರೂ ಯಾರೂ ಆಕ್ಷೇಪಿಸಲಾರರು. ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಬರೆದ ಚಪಡನೆಂಬವನು ತನ್ನ ಕಸುಬನ್ನು ಹೇಳುವ ‘ಲಿಪಿಕರೇಣ’ ಎಂಬ ಪದವೊಂದನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಕಾಲದ ಸರ್ಕಾರಿ ಬರಹಗಾರನೊಬ್ಬ ಅಷ್ಟು ದೂರದಿಂದ ನಮ್ಮ ಬಯಲುಸೀಮೆಗೆ ಬಂದಿರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇನ್ನು ಮ್ಯೂಸಿಯಂನ ಮಡಕೆ ಚೂರುಗಳ ವಿಷಯ. ವೀಲರ್ 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಅಗೆದಾಗ, ಕಾಲ ಗೊತ್ತಿದ್ದ ರೋಮನ್ ಪಾತ್ರೆಗಳ ಜೊತೆಯಲ್ಲೇ ಒಂದು ವಿಶಿಷ್ಟ ಬಗೆಯ ನುಣುಪಾದ ತಟ್ಟೆಗಳೂ ಸಿಕ್ಕವು. ಎರಡು ವರ್ಷಗಳ ನಂತರ ಅದೇ ಬಗೆಯ ಚೂರುಗಳು ಬ್ರಹ್ಮಗಿರಿಯಲ್ಲಿ ಸಿಕ್ಕಾಗ, ಆ ಮಣ್ಣಿನ ಪದರ ಕ್ರಿಸ್ತಶಕದ ಆರಂಭದ ಕಾಲದ್ದೆಂದು ನಿರ್ಧರಿಸಲು ಸಾಧ್ಯವಾಯಿತು. ಅದರ ಕೆಳಗಿನ ಬೃಹತ್ ಶಿಲಾ ಸಮಾಧಿಗಳ ಪದರವೂ, ಇನ್ನೂ ಕೆಳಗಿನ ಕಲ್ಲು ಕೊಡಲಿಯ ಪದರವೂ ಅದಕ್ಕಿಂತ ಹಳೆಯವೆಂಬ ಕ್ರಮ ತಾನಾಗಿ ಸಿದ್ಧವಾಯಿತು. ದಕ್ಷಿಣ ಭಾರತದ ಪ್ರಾಚೀನ ಕಾಲಗಣನೆಗೆ ನಮ್ಮ ಮೊಳಕಾಲ್ಮೂರಿನ ಮಣ್ಣು ಹೀಗೆ ಅಡಿಗಲ್ಲಾಗಿದೆ. ಮುಂದಿನ ಸಂಶೋಧನೆಗಳು ವೀಲರ್ ಕೊಟ್ಟ ಕಾಲಗಳಲ್ಲಿ ಕೆಲವನ್ನು ಹಿಂದಕ್ಕೆ ಸರಿಸಿವೆ ಎಂಬುದನ್ನೂ ಮಕ್ಕಳಿಗೆ ಹೇಳಿರಿ. ಇತಿಹಾಸವೂ ತಿದ್ದುಪಡಿಯಾಗುತ್ತದೆಂಬುದು ಅವರಿಗೆ ಗೊತ್ತಿರಲಿ.

ಎರಡು ಎಚ್ಚರಿಕೆಗಳು. ಶಾಸನದ ಅಕ್ಷರ ಕಾಣಲೆಂದು ಸುಣ್ಣ, ಬಳಪ ಅಥವಾ ಎಣ್ಣೆ ಹಚ್ಚಬಾರದು. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೊರಗಿನ ಶಾಸನಗಳ ಅಕ್ಷರಗಳು ತಾವಾಗಿ ಎದ್ದು ಕಾಣುತ್ತವೆ. ನೆಲದ ಮೇಲೆ ಬಿದ್ದ ಮಡಕೆ ಚೂರನ್ನು ಯಾವ ಮಗುವೂ ಜೇಬಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಸಿಕ್ಕ ಜಾಗದಿಂದ ಎತ್ತಿದ ಚೂರು ಆ ಕ್ಷಣವೇ ತನ್ನ ಅರ್ಧ ಮಾತನ್ನು ಕಳೆದುಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಅಜ್ಜ ಶಾನುಭೋಗರಾಗಿದ್ದರು. ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆಗಳಂತಿರುವ ಕಡತಗಳೂ ಒಂದು ಕಟ್ಟು ತಾಳೆಗರಿಯೂ ಸಿಕ್ಕಿವೆ. ಒದ್ದೆ ಬಟ್ಟೆಯಿಂದ ಒರೆಸಿ ಮ್ಯೂಸಿಯಂಗೆ ಕೊಡೋಣವೆಂದು ತಮ್ಮ ಹೇಳುತ್ತಿದ್ದಾನೆ. ಕೊಟ್ಟರೆ ನಮಗೆ ಮತ್ತೆ ನೋಡಲು ಸಿಗುತ್ತದೆಯೇ? (ಓದುಗರು, ಹೊಸದುರ್ಗ)

ಉತ್ತರ: ಈ ಉತ್ತರವನ್ನು ಪೂರ್ತಿ ಓದುವ ಮೊದಲು ತಮ್ಮನವರ ಕೈಯಿಂದ ಒದ್ದೆ ಬಟ್ಟೆಯನ್ನು ತೆಗೆದಿಡಿ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ ಮಡಿಸಿದ್ದೇ ಕಡತ. ಅದರ ಮೇಲೆ ಬರೆಯುತ್ತಿದ್ದುದು ಬಳಪದಿಂದ. ಬೇಡವಾದ ಲೆಕ್ಕವನ್ನು ಅಳಿಸಿ ಮತ್ತೆ ಬರೆಯಲು ಅನುಕೂಲವಾಗಲೆಂದೇ ಹಾಗೆ ಮಾಡಿದ್ದರು. ಅಜ್ಜನವರು ಅಳಿಸದೆ ಉಳಿಸಿದ್ದನ್ನು ನೀರು ಒಂದೇ ಸಲಕ್ಕೆ ಅಳಿಸಿಬಿಡುತ್ತದೆ. ಒಣಗಿದ ಮೃದುವಾದ ಕುಂಚದಿಂದ ಮೇಲಿನ ದೂಳನ್ನು ಮಾತ್ರ ತೆಗೆಯಿರಿ. ಮಡಿಕೆ ಅಂಟಿಕೊಂಡಿದ್ದರೆ ಬಲವಂತವಾಗಿ ಬಿಡಿಸಬೇಡಿ.

ತಾಳೆಗರಿಯ ಅಕ್ಷರಗಳನ್ನು ಕಂಟದಿಂದ, ಎಂದರೆ ಚೂಪು ಮೊನೆಯ ಲೋಹದ ಲೇಖನಿಯಿಂದ, ಕೊರೆದು ಮಸಿ ತುಂಬಿರುತ್ತಾರೆ. ಅದಕ್ಕೆ ತಜ್ಞರು ನಿಂಬೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುವ ಪದ್ಧತಿಯಿದೆ, ಆದರೆ ಆ ಕೆಲಸ ಅವರದೇ. ಪ್ಲಾಸ್ಟಿಕ್ ಚೀಲ, ಅಂಟುಪಟ್ಟಿ, ಲ್ಯಾಮಿನೇಷನ್ ಇವು ಮೂರೂ ವರ್ಜ್ಯ. ಶುದ್ಧವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಟ್ಟರೆ ಸಾಕು.

ಕೊಡುವ ಮೊದಲು ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಕೊಡುವಾಗ ಬರಹದಲ್ಲಿ ಕೊಡಿ: ಯಾವ ಊರು, ಯಾರ ಮನೆ, ಯಾರು ಬರೆದದ್ದೆಂದು ಮನೆಯವರ ನಂಬಿಕೆ, ಎಲ್ಲಿ ಸಿಕ್ಕಿತು. ವಸ್ತುವನ್ನು ದಾಖಲೆ ಪುಸ್ತಕಕ್ಕೆ ಏರಿಸಿ ಸಂಖ್ಯೆ ಕೊಟ್ಟು, ಸಹಿ ಮಾಡಿದ ಸ್ವೀಕೃತಿ ಪತ್ರ ಕೊಡುವ ಸಂಸ್ಥೆಗೆ ಮಾತ್ರ ಕೊಡಿ. ಆ ಸಂಖ್ಯೆ ತಮ್ಮ ಬಳಿ ಇದ್ದರೆ ಮೊಮ್ಮಕ್ಕಳೂ ಹೋಗಿ ಕೇಳಿ ನೋಡಬಹುದು. ಬಾಯಿಮಾತಿನಲ್ಲಿ ಪಡೆದು ‘ನೋಡೋಣ, ಇಡಿ’ ಎನ್ನುವವರ ಮೇಜಿನ ಮೇಲೆ ಬಿಟ್ಟು ಬರಬೇಡಿ; ಅಂಥ ಮೇಜುಗಳಿಂದ ಬಹಳಷ್ಟು ವಸ್ತುಗಳು ಕಾಣೆಯಾಗಿವೆ.

ಕಾನೂನಿನ ಬಗ್ಗೆಯೂ ತಿಳಿದಿರಲಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ವಸ್ತುಗಳೂ, ಮೌಲಿಕ ಹಸ್ತಪ್ರತಿಗಳಾದರೆ 75 ವರ್ಷ ದಾಟಿದವೂ ಪ್ರಾಚೀನ ವಸ್ತುಗಳೆನಿಸುತ್ತವೆ. ಮನೆಯ ಕಾಗದಪತ್ರಗಳನ್ನು ಮನೆಯಲ್ಲಿಟ್ಟುಕೊಳ್ಳುವುದು ತಪ್ಪಲ್ಲ, ಆದರೆ ಪ್ರಾಚೀನ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವುಗಳನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಕಲ್ಲಿನ, ಲೋಹದ ವಿಗ್ರಹಗಳಿದ್ದರೆ ನೋಂದಣಿ ಮಾಡಿಸಬೇಕಾಗುತ್ತದೆ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯದ ಗಡಿಗೆ ಸಿಕ್ಕರೆ ಅದು ನಿಧಿ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು.

ಪ್ರಶ್ನೆ: ಮಗ ಸ್ವೀಡನ್ನಿನ ಉತ್ತರ ಭಾಗದ ಲೂಲಿಯೊ ಪಟ್ಟಣದಲ್ಲಿ ಕೆಲಸದಲ್ಲಿದ್ದಾನೆ. ನಾವು ಗಂಡಹೆಂಡತಿ ಅಲ್ಲಿಗೆ ಹೋಗುವವರಿದ್ದೇವೆ. ಅಲ್ಲಿಯ ಹಳ್ಳಿಗಳಲ್ಲೂ ಪುಟ್ಟ ಪುಟ್ಟ ಮ್ಯೂಸಿಯಂಗಳಿವೆ, ಆದರೆ ಹೋದಾಗಲೆಲ್ಲ ಬೀಗ ಹಾಕಿರುತ್ತದೆ ಎನ್ನುತ್ತಾನೆ. ಯಾವಾಗ ಹೋಗಬೇಕು, ಏನು ನೋಡಬೇಕು? (ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ)

ಉತ್ತರ: ಜೂನ್ ಉತ್ತರಾರ್ಧದಿಂದ ಆಗಸ್ಟ್ ನಡುವಿನ ತನಕ ಹೋಗಿ. ಅಲ್ಲಿಯ ಹಳ್ಳಿಯ ಮ್ಯೂಸಿಯಂ ಎಂದರೆ ಬಹುಮಟ್ಟಿಗೆ ಹಳೆಯ ಮರದ ದಿಮ್ಮಿಯ ಮನೆಗಳ ಒಂದು ಗುಂಪು. ಹೆಂಬಿಗ್ಡ್ಸ್‌ಗೋರ್ಡ್ ಎಂದು ಅದಕ್ಕೆ ಹೆಸರು. ಮನೆಗಳಿಗೆ ಬಿಸಿಮಾಡುವ ಏರ್ಪಾಡಿರುವುದಿಲ್ಲ, ನಡೆಸುವವರು ಸಂಬಳವಿಲ್ಲದ ಊರಿನವರೇ ಆಗಿರುತ್ತಾರೆ. ಆದ್ದರಿಂದ ಹಿಮದ ತಿಂಗಳುಗಳಲ್ಲಿ ಬೀಗ ಬೀಳುವುದು ಸಹಜ. ಬೇಸಿಗೆಯಲ್ಲಾದರೆ ಕಾಫಿ ತಿಂಡಿಯೂ ಸಿಗುತ್ತದೆ, ಅದನ್ನು ಕೊಡುವವರೇ ಮನೆಯನ್ನೂ ತೋರಿಸುತ್ತಾರೆ. ಹೋಗುವ ಮುನ್ನ ಮಗನಿಂದ ಫೋನ್ ಮಾಡಿಸಿ; ಬೀಗದಕೈ ಯಾರ ಮನೆಯಲ್ಲಿದೆ ಎಂಬುದು ನಮ್ಮೂರಿನಂತೆ ಅಲ್ಲಿಯೂ ಊರಿನವರಿಗೆ ಗೊತ್ತಿರುತ್ತದೆ.

ಹಳೆಯ ಮನೆಗಳನ್ನು ಬಿಚ್ಚಿ ತಂದು ಬಯಲಿನಲ್ಲಿ ಮತ್ತೆ ಕಟ್ಟಿ ತೋರಿಸುವ ಪದ್ಧತಿಗೆ ಹೆಸರು ತಂದದ್ದು ಆರ್ಟುರ್ ಹಜೇಲಿಯುಸ್ 1891ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ತೆರೆದ ಸ್ಕಾನ್ಸೆನ್. ಕಾರ್ಖಾನೆಗಳು ಬಂದು ಹಳ್ಳಿಯ ಬದುಕು ವೇಗವಾಗಿ ಬದಲಾಗುತ್ತಿದ್ದ ಕಾಲವದು. ತಮಗೆ ಲೂಲಿಯೊದಲ್ಲಿಯೇ ನೋಡಲು ಗಾಮೆಲ್‌ಸ್ಟಾಡ್ ಇದೆ: ಮಧ್ಯಯುಗದ ಕಲ್ಲಿನ ಚರ್ಚಿನ ಸುತ್ತ 400ಕ್ಕೂ ಹೆಚ್ಚು ಮರದ ಪುಟ್ಟ ಮನೆಗಳು. ದೂರದ ಹಳ್ಳಿಗಳಿಂದ ಪೂಜೆಗೆ ಬಂದವರು ಅದೇ ದಿನ ಹಿಂದಿರುಗಲಾರದೆ ರಾತ್ರಿ ತಂಗಲು ಕಟ್ಟಿಕೊಂಡವು ಇವು. ನಾಯಕನಹಟ್ಟಿ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದು ತಂಗುತ್ತಿದ್ದವರನ್ನು ನೆನೆದರೆ ತಮಗೆ ಕೂಡಲೇ ಅರ್ಥವಾಗುತ್ತದೆ. 1996ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇನ್ನೂ ಒಳನಾಡಿಗೆ, ಯೊಕ್‌ಮೊಕ್‌ಗೆ ಹೋಗಲು ಸಾಧ್ಯವಾದರೆ ಬಿಡಬೇಡಿ. ಹಿಮಸಾರಂಗ ಸಾಕುವ ಸಾಮಿ ಜನರ ಆಯ್ತೆ ಮ್ಯೂಸಿಯಂ 1989ರಿಂದ ಅಲ್ಲಿದೆ. ಸಾಮಿಗಳ ಪೂಜೆಯ ತಮಟೆಗಳನ್ನು 17 ಮತ್ತು 18ನೇ ಶತಮಾನಗಳಲ್ಲಿ ಪಾದ್ರಿಗಳೂ ಅಧಿಕಾರಿಗಳೂ ಕಿತ್ತುಕೊಂಡರು. ಬಹಳಷ್ಟು ಸುಟ್ಟುಹೋದವು, ಉಳಿದವು ದೂರದ ರಾಜಧಾನಿಗಳ ಸಂಗ್ರಹ ಸೇರಿದವು. ಆಂಡರ್ಸ್ ಪೌಲ್ಸನ್ ಎಂಬ ಸಾಮಿ ವೃದ್ಧನಿಂದ 1691ರಲ್ಲಿ ವಶಪಡಿಸಿಕೊಂಡ ತಮಟೆಯೊಂದು ಡೆನ್ಮಾರ್ಕ್ ಸೇರಿತ್ತು. ನಾರ್ವೆಯ ಕಾರಾಶೊಕ್‌ನಲ್ಲಿರುವ ಸಾಮಿ ಮ್ಯೂಸಿಯಂನಲ್ಲಿ ಅದು ಹಲವು ವರ್ಷ ಎರವಲಿನ ವಸ್ತುವಾಗಿಯೇ ಇತ್ತು. 2022ರಲ್ಲಿ ಒಡೆತನವೂ ಸಾಮಿಗಳಿಗೆ ಮರಳಿತು. ತಮ್ಮದೇ ವಸ್ತುವನ್ನು ಎರವಲು ತಂದು ನೋಡಬೇಕಾದವರಿಗೆ ‘ಇದು ಯಾವ ಊರಿನಿಂದ ಬಂತು’ ಎಂಬ ಪ್ರಶ್ನೆ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ಚಳಿಗಾಲದಲ್ಲಿಯೇ ಹೋಗಬೇಕಾಗಿ ಬಂದರೆ ಫೆಬ್ರವರಿ ಆರಂಭದಲ್ಲಿ ಯೊಕ್‌ಮೊಕ್‌ನಲ್ಲಿ ನಡೆಯುವ, 1605ರಿಂದ ಬಂದಿರುವ ಸಂತೆಯನ್ನು ನೋಡಬಹುದು. ಬೆಚ್ಚನೆಯ ಬಟ್ಟೆಯ ವಿಷಯದಲ್ಲಿ ಮಗನ ಮಾತನ್ನೇ ಕೇಳಿ. ದಾವಣಗೆರೆಯ ಸ್ವೆಟರ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ಊರಿನ ಹಳೆಯ ಶಾಲಾ ಕಟ್ಟಡದಲ್ಲಿ ಗ್ರಾಮದ ಮ್ಯೂಸಿಯಂ ಮಾಡಬೇಕೆಂದು ನಾವು ಕೆಲವು ಯುವಕರು ಹೊರಟಿದ್ದೇವೆ. ಕೂರಿಗೆ, ಕುಂಟೆ, ಬೀಸುವ ಕಲ್ಲು, ಒರಳು ಇವನ್ನೆಲ್ಲ ಜನ ಕೊಡಲು ಸಿದ್ಧರಿದ್ದಾರೆ. ವೀರಗಲ್ಲುಗಳನ್ನೂ ತಂದಿಡಬಹುದೇ? (ಯುವಕರ ಗುಂಪು, ಜಗಳೂರು ತಾಲ್ಲೂಕು)

ಉತ್ತರ: ವೀರಗಲ್ಲುಗಳನ್ನು ಮುಟ್ಟಬೇಡಿ. ಅವು ನಿಂತ ಜಾಗವೇ ಅವುಗಳ ಅರ್ಧ ಶಾಸನ, ಮೇಲಾಗಿ ಹಲವು ಕಲ್ಲುಗಳಿಗೆ ಊರಿನವರ ಪೂಜೆಯೂ ಇರುತ್ತದೆ. ಅಪಾಯದಲ್ಲಿರುವ ಕಲ್ಲು ಕಂಡರೆ ಪುರಾತತ್ವ ಇಲಾಖೆಗೆ ಬರೆಯಿರಿ. ತಾವು ಮಾಡಬೇಕಾದುದು ಎಲ್ಲ ಕಲ್ಲುಗಳ ಪಟ್ಟಿ ಮತ್ತು ಫೋಟೋ. 20ನೇ ಶತಮಾನದ ಆರಂಭದಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೇ ಸಂಪುಟದಲ್ಲಿ ಅಂದಿನ ಚಿತ್ರದುರ್ಗ ಜಿಲ್ಲೆಯ ಶಾಸನಗಳು ಊರುವಾರು ಇವೆ. ಜಗಳೂರು ಆಗ ಆ ಜಿಲ್ಲೆಯದೇ; ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ತಮ್ಮ ಊರಿನ ಹೆಸರು ಅದರಲ್ಲಿದೆಯೇ ಎಂದು ಮೊದಲು ನೋಡಿ, ಇದ್ದರೆ ಆ ಕಲ್ಲು ಈಗ ಎಲ್ಲಿದೆ ಎಂದು ಹುಡುಕಿ. ಮ್ಯೂಸಿಯಂನ ಮೊದಲ ಗೋಡೆಗೆ ಅದೇ ಸಾಕು.

ಕೂರಿಗೆ ಕುಂಟೆಗಳನ್ನು ತರುವ ಮೊದಲು ಒಂದು ದಪ್ಪ ರಟ್ಟಿನ ಪುಸ್ತಕ ತನ್ನಿ. ವಸ್ತು, ಕೊಟ್ಟವರು, ಬಳಸಿದವರು, ಮಾಡಿದ ಬಡಗಿ ಅಥವಾ ಕಮ್ಮಾರ, ಯಾವ ಮರ, ಯಾವಾಗ ಬಳಕೆ ನಿಂತಿತು, ಇಷ್ಟನ್ನು ಬರೆದುಕೊಂಡ ಮೇಲೆ ವಸ್ತು ಒಳಗೆ ಬರಲಿ. ಹಿರಿಯರು ದಿಂಡು, ಕುಳ, ಮೇಳಿಗಳನ್ನು ಮುಟ್ಟಿ ತೋರಿಸುತ್ತ ಮಾತನಾಡುವುದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಒಂದೇ ಬಗೆಯ ಬೀಸುವ ಕಲ್ಲುಗಳನ್ನು ಗುಡ್ಡೆ ಹಾಕುವುದರಿಂದ ಪ್ರಯೋಜನವಿಲ್ಲ. ಒಂದು ಸಾಕು, ಆದರೆ ಅದು ಯಾರ ಮನೆಯದೆಂದು ತಿಳಿದಿರಬೇಕು.

ಒಳಗೆ ತರಲಾಗದ ವಸ್ತುಗಳೇ ನಿಜವಾಗಿ ಅಳಿಯುತ್ತಿರುವುವು. ನೆಲದಡಿ ತೋಡಿ ಜೋಳ ತುಂಬಿಡುತ್ತಿದ್ದ ಹಗೇವುಗಳು ಬಯಲುಸೀಮೆಯ ಊರುಗಳಲ್ಲಿ ಒಂದೊಂದಾಗಿ ಮುಚ್ಚಿಹೋಗಿವೆ. ಬಾಯಿ ತೆರೆದ ಕೂಡಲೇ ಒಳಗಿಳಿಯದೆ ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದುದನ್ನು ವಿವರಿಸಬಲ್ಲವರು ಈಗ ಬಹಳ ವಯಸ್ಸಾದವರು. ಹಗೇವು ಎಲ್ಲೆಲ್ಲಿತ್ತು ಎಂಬುದನ್ನು ಗುರುತಿಸಿದ ಊರಿನ ನಕ್ಷೆಯೊಂದನ್ನು ಈ ಬೇಸಿಗೆಯಲ್ಲಿಯೇ ಸಿದ್ಧಪಡಿಸಿ. ಕೂರಿಗೆ ಮುಂದಿನ ವರ್ಷವೂ ಸಿಗುತ್ತದೆ.

ಪ್ರಶ್ನೆ: ಓಬವ್ವನ ಒನಕೆ ಯಾವುದಾದರೂ ಮ್ಯೂಸಿಯಂನಲ್ಲಿದೆಯೇ? (ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ನೋಡಬೇಕಾದುದು ಕೋಟೆಯಲ್ಲಿರುವ ಕಿಂಡಿ. ಒನಕೆ ಮನೆಮನೆಯಲ್ಲಿದ್ದ ಮರದ ವಸ್ತು, ಸವೆದರೆ ಒಲೆಗೆ ಹೋಗುತ್ತಿತ್ತು. ‘ಇದೇ ಆ ಒನಕೆ’ ಎಂದು ಎಲ್ಲಾದರೂ ಯಾರಾದರೂ ತೋರಿಸಿದರೆ, ಯಾರ ಮನೆಯಿಂದ, ಯಾವ ವರ್ಷ ಬಂತು, ದಾಖಲೆ ಪುಸ್ತಕದಲ್ಲಿ ಅದರ ಸಂಖ್ಯೆ ಎಷ್ಟು ಎಂದು ವಿನಯದಿಂದಲೇ ಕೇಳಿ.

ಪ್ರಶ್ನೆ: ಮ್ಯೂಸಿಯಂ ಒಳಗೆ ಫೋಟೋ ತೆಗೆಯಬಹುದೇ? ಸೋಮವಾರ ಹೋದರೆ ತೆರೆದಿರುತ್ತದೆಯೇ? (ಓದುಗರು, ಹರಿಹರ)

ಉತ್ತರ: ನಿಯಮ ಒಂದೊಂದು ಕಡೆ ಒಂದೊಂದು ರೀತಿ, ಬಾಗಿಲಲ್ಲಿ ಕೇಳಿ, ಅನುಮತಿಯಿದ್ದರೂ ಫ್ಲ್ಯಾಶ್ ಬೇಡ. ವಾರದ ರಜೆ ರಾಜ್ಯ ಸರ್ಕಾರದ ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ ಸೋಮವಾರ, ಕೇಂದ್ರ ಪುರಾತತ್ವ ಇಲಾಖೆಯವುಗಳಲ್ಲಿ ಶುಕ್ರವಾರ. ಸರ್ಕಾರಿ ರಜೆಗಳಂದು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಫೋಟೋ ತೆಗೆದರೆ ವಸ್ತುವಿನ ಜೊತೆಗೆ ಅದರ ಫಲಕದ್ದೂ ಒಂದು ತೆಗೆಯಿರಿ.